ಮಂಡಿಯ ಮೃದ್ವಸ್ಥಿಗೆ ಹೊಸ ಶಸ್ತ್ರಚಿಕಿತ್ಸೆ: ಒಪ್ಪುವ ಮೊದಲು ಏನು ಕೇಳಬೇಕು?

ಪ್ರಶ್ನೆ: ನನಗೆ 34 ವರ್ಷ. ಆಡುವಾಗ ಮಂಡಿ ತಿರುಚಿತು. ತೊಡೆಮೂಳೆಯ ಕೆಳತುದಿಯಲ್ಲಿ ಸುಮಾರು 3 ಚದರ ಸೆಂ.ಮೀ.ನಷ್ಟು ಮೃದ್ವಸ್ಥಿ (ಕಾರ್ಟಿಲೇಜ್) ಕಿತ್ತುಹೋಗಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಜೀವಕೋಶಗಳನ್ನು ಬೆಳೆಸಿ ಕೂರಿಸುವ ಹೊಸ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನವರಿಗೆ ಗುಣವಾಗಿದೆ ಎಂದು ವೈದ್ಯರು ಹೇಳುತ್ತಿದ್ದಾರೆ. ಇದನ್ನು ನಂಬಬಹುದೇ?

ಉತ್ತರ: ನಿಮ್ಮ ವೈದ್ಯರ ಮಾತು ನಿಜವೇ ಇರಬಹುದು. ಆದರೆ ನೀವು ತೀರ್ಮಾನ ತೆಗೆದುಕೊಳ್ಳಲು ಅಷ್ಟೇ ಸಾಲದು. ನೋವು ಜೋರಾಗಿರುವಾಗ ಆಸ್ಪತ್ರೆಗೆ ಬಂದವರಲ್ಲಿ ಅನೇಕರಿಗೆ ಕಾಲ ಕಳೆದಂತೆ ತಾನಾಗಿಯೇ ಸ್ವಲ್ಪ ಹಗುರವಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ, ಫಿಸಿಯೋಥೆರಪಿ ಮತ್ತು ಗುಣವಾಗುತ್ತದೆಂಬ ಭರವಸೆಯೂ ಅದಕ್ಕೆ ಸೇರುತ್ತವೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಂಡಿ ಸವೆತವಿದ್ದ 180 ಮಂದಿಯ ಪೈಕಿ ಕೆಲವರ ಕೀಲನ್ನು ಆರ್ತ್ರೋಸ್ಕೋಪಿಯ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ತೊಳೆದು ಅಥವಾ ಹೆರೆದು ಶುಚಿಗೊಳಿಸಿದರು, ಉಳಿದವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿಗೆ ಹಾಕಿದರು. ಎರಡು ವರ್ಷಗಳಾದರೂ ನೋವಿನಲ್ಲಿ ಈ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ನಿಮ್ಮದು ಸವೆತವಲ್ಲ, ಪೆಟ್ಟು. ಆದರೂ ಹೋಲಿಕೆಯ ಗುಂಪಿಲ್ಲದ ಯಶಸ್ಸಿನ ಲೆಕ್ಕವನ್ನು ಏಕೆ ಎಚ್ಚರದಿಂದ ನೋಡಬೇಕೆಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದುದು, ಯಾವ ಚಿಕಿತ್ಸೆಗಿಂತ ಇದು ಮೇಲು ಎಂಬುದನ್ನು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲದ ಕಾರಣ ಅದು ತಾನಾಗಿ ಕೂಡಿಕೊಳ್ಳುವುದು ಅಪರೂಪ. ಹಳೆಯ ವಿಧಾನವಾದ ಮೈಕ್ರೋಫ್ರ್ಯಾಕ್ಚರ್‌ನಲ್ಲಿ ಅಡಿಯ ಮೂಳೆಗೆ ಸಣ್ಣ ರಂಧ್ರಗಳನ್ನು ಕೊರೆದು, ಒಸರುವ ಮಜ್ಜೆಯ ರಕ್ತ ಅಲ್ಲೇ ಹೆಪ್ಪುಗಟ್ಟುವಂತೆ ಮಾಡುತ್ತಾರೆ. ಅಲ್ಲಿ ಬೆಳೆಯುವುದು ಮೂಲದಷ್ಟು ಗಟ್ಟಿಯಲ್ಲದ, ನಾರಿನಂಥ ಅಂಗಾಂಶ. ಜೀವಕೋಶ ವಿಧಾನದಲ್ಲಿ ಭಾರ ಬೀಳದ ಜಾಗದಿಂದ ಒಂದು ಚೂರು ಮೃದ್ವಸ್ಥಿಯನ್ನು ತೆಗೆದು, ಪ್ರಯೋಗಾಲಯದಲ್ಲಿ ವಾರಗಟ್ಟಲೆ ಕೋಶಗಳನ್ನು ಬೆಳೆಸಿ, ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕೂರಿಸುತ್ತಾರೆ. ಸ್ವೀಡನ್ನಿನ ವೈದ್ಯರು 1994ರಲ್ಲಿ 23 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದಾಗ ದೊಡ್ಡ ಭರವಸೆ ಹುಟ್ಟಿತು: ತೊಡೆಮೂಳೆಯಲ್ಲಿ ಗಾಯವಿದ್ದ 16 ಮಂದಿಯಲ್ಲಿ 14 ಮಂದಿಗೆ ಒಳ್ಳೆಯ ಫಲ ಸಿಕ್ಕಿತ್ತು, ಮಂಡಿಚಿಪ್ಪಿನಲ್ಲಿ ಗಾಯವಿದ್ದ 7 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಆದರೆ ಅಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ನಾರ್ವೆಯಲ್ಲಿ 80 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ ಈ ಎರಡೂ ವಿಧಾನಗಳನ್ನು ಹೋಲಿಸಿದಾಗ, ಐದು ವರ್ಷಗಳ ಹೊತ್ತಿಗೆ ಪ್ರತಿ ಗುಂಪಿನಲ್ಲೂ ಒಂಬತ್ತು ಮಂದಿಯ ಚಿಕಿತ್ಸೆ ವಿಫಲವಾಗಿತ್ತು. ಹದಿನೈದು ವರ್ಷಗಳ ನಂತರವೂ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೋಶಗಳನ್ನು ಕೊಲಾಜನ್ ಎಂಬ ಪ್ರೋಟೀನಿನ ಪೊರೆಯ ಮೇಲೆ ಬೆಳೆಸಿ ಅಂಟಿಸುವ ಸುಧಾರಿತ ವಿಧಾನವನ್ನು 3 ಚದರ ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಗಾಯವಿದ್ದ 144 ಮಂದಿಯಲ್ಲಿ ಪರೀಕ್ಷಿಸಿದಾಗ, ಎರಡು ವರ್ಷಗಳಲ್ಲಿ ನೋವು ಮತ್ತು ಚಲನೆಯ ಅಂಕಗಳು ಮೈಕ್ರೋಫ್ರ್ಯಾಕ್ಚರ್‌ಗಿಂತ ಉತ್ತಮವಾಗಿದ್ದವು. ಅಮೆರಿಕದಲ್ಲಿ ಅದಕ್ಕೆ 2016ರ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು. ನಿಮ್ಮ ಗಾಯದ ಗಾತ್ರಕ್ಕೆ ಈ ಸಾಕ್ಷ್ಯ ಹತ್ತಿರವಾದುದು. ಆದರೆ ತಮಗೆ ಯಾವ ಚಿಕಿತ್ಸೆಯಾಗಿದೆಯೆಂಬುದು ರೋಗಿಗಳಿಗೆ ಗೊತ್ತಿತ್ತು, ಮತ್ತು ದೊಡ್ಡ ಗಾಯಗಳಲ್ಲಿ ಮೈಕ್ರೋಫ್ರ್ಯಾಕ್ಚರ್ ಮೊದಲೇ ದುರ್ಬಲ ಎದುರಾಳಿ ಎಂಬುದನ್ನೂ ಗಮನಿಸಬೇಕು. ನಿಮಗೆ ಸೂಚಿಸಿರುವುದು ಇದೇ ವಿಧಾನವೋ, ಇದರ ಹೆಸರು ಹೇಳಿಕೊಳ್ಳುವ ಬೇರೊಂದೋ ಎಂದು ಖಚಿತಪಡಿಸಿಕೊಳ್ಳಿ.

ಎಂಆರ್‌ಐನಲ್ಲಿ ಗುಂಡಿ ತುಂಬಿದಂತೆ ಕಂಡ ಮಾತ್ರಕ್ಕೆ ನೋವು ಹೋಯಿತೆಂದಲ್ಲ. ರೋಗಿಯೇ ಉತ್ತರಿಸುವ 100 ಅಂಕಗಳ ಮಂಡಿ ಪ್ರಶ್ನಾವಳಿಯಲ್ಲಿ ಸುಮಾರು 8ರಿಂದ 10 ಅಂಕಗಳಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಅದು ಅನುಭವಕ್ಕೆ ಬಾರದಿರಬಹುದು. ನಿಮ್ಮ ಕಾಲು ನೇರವಾಗಿದೆಯೇ, ಅಸ್ಥಿರಜ್ಜುಗಳು (ಮೂಳೆಗಳನ್ನು ಬಿಗಿಯುವ ಪಟ್ಟಿಗಳು) ಮತ್ತು ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಬಿಲ್ಲೆ) ಸರಿಯಿವೆಯೇ ಎಂದೂ ಕೇಳಿ; ಅವು ಕೆಟ್ಟಿದ್ದು ಸರಿಪಡಿಸದಿದ್ದರೆ ಕೂರಿಸಿದ ಅಂಗಾಂಶ ಬಾಳುವುದು ಕಷ್ಟ. ಕಿತ್ತ ಚೂರು ಸಿಕ್ಕಿ ಮಂಡಿ ಹಿಡಿದುಕೊಳ್ಳುತ್ತಿದ್ದರೆ ತಡ ಮಾಡಬೇಡಿ. ಹಾಗಿಲ್ಲದಿದ್ದರೆ ಇದು ತುರ್ತಿನದಲ್ಲ. ಕೆಲವು ವಾರ ತೆಗೆದುಕೊಂಡು, ಎರಡನೆಯ ಮೂಳೆತಜ್ಞರಿಗೆ ಇದೇ ಚಿತ್ರಗಳನ್ನು ತೋರಿಸಿ, ಶಸ್ತ್ರಚಿಕಿತ್ಸೆಯಿಲ್ಲದೆ ವ್ಯಾಯಾಮದಿಂದ ಎಷ್ಟು ಸುಧಾರಿಸಬಹುದೆಂದು ವಿಚಾರಿಸಿ.