ಹಾಡು ಎಲ್ಲಿದೆ ಎಂದು ಕೇಳಿದವರಿಗೆ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ತಾವು ಇಂಗ್ಲೆಂಡಿನ ಪಾಪ್ ಗಾಯಕರಾದ ಬೀಟಲ್ಸ್ ತಂಡದ ಹಾಲಿವುಡ್ ಬೌಲ್ ಕಛೇರಿಯ ಹಳೆಯ ಎಲ್‌ಪಿಯನ್ನು ಬಾಯ್ತುಂಬ ಹೊಗಳಿದ್ದಿರಿ. ಮೊಮ್ಮಗ ಅದನ್ನೂ ಅದನ್ನು ನುಡಿಸುವ ಯಂತ್ರವನ್ನೂ ಗೆಳೆಯನಿಂದ ಕಡ ತಂದ. ನನಗೆ ಕೇಳಿಸಿದ್ದು ಅರ್ಧ ಗಂಟೆಯ ಕಿರುಚಾಟ. ನಡುನಡುವೆ ಯಾರೋ ಹಾಡುತ್ತಿರಬಹುದು ಎಂಬ ಅನುಮಾನ. ಹಾಡು ಎಲ್ಲಿದೆ ಸ್ವಾಮಿ? ಅದೇ ಕಛೇರಿಯನ್ನು 2016ರಲ್ಲಿ ಶುದ್ಧಗೊಳಿಸಿ ತಂದದ್ದನ್ನು ಮೊಬೈಲಿನಲ್ಲಿ ಕೇಳಿದಾಗ ಕಿವಿಗೆ ಸಮಾಧಾನವಾಯಿತು. ಆ ಹುಡುಗಿಯರು ಕೇಳಲು ಬಂದಿದ್ದರೋ, ಕೂಗಲು ಬಂದಿದ್ದರೋ? ಇದನ್ನು ಮೆಚ್ಚುವುದು ಅಭಿಮಾನಿಗಳ ಕುರುಡಲ್ಲದೆ ಮತ್ತೇನು?” — ಚಂದಾದಾರರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಇಪ್ಪತ್ತು ವರ್ಷಗಳಿಂದ ಈ ಪತ್ರಿಕೆ ಓದುತ್ತಿರುವ ನಿಮಗೆ ನಾನು ‘ಸ್ವಾಮಿ’ ಅಲ್ಲವೆಂಬುದು ಇಷ್ಟರಲ್ಲಿ ಗೊತ್ತಾಗಬೇಕಿತ್ತು. ಇರಲಿ. ಇನ್‌ಲ್ಯಾಂಡ್ ಪತ್ರದ ಮೂರೂ ಮಗ್ಗುಲು ತುಂಬಿಸಿ, ಅಂಟು ಹಚ್ಚುವ ಅಂಚಿನಲ್ಲೂ ಎರಡು ಸಾಲು ಬರೆದಿದ್ದೀರಿ. ಇಷ್ಟು ಸಿಟ್ಟು ಬರಬೇಕಾದರೆ ಪೂರ್ತಿ ಕೇಳಿರಲೇಬೇಕು. ಮೆಚ್ಚಿದೆವೆಂದು ಬರೆದ ಎಷ್ಟೋ ಮಂದಿ ಮೊದಲ ಹಾಡಿಗೇ ಎದ್ದುಹೋದವರು.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ, ಆಮೇಲೆ ನೆಮ್ಮದಿಯಾಗಿ ಜಗಳವಾಡಬಹುದು. ಆ ಎಲ್‌ಪಿಯಲ್ಲಿ ಪಾಲ್ ಮೆಕಾರ್ಟ್ನಿಯ ಬೇಸ್ ಗಿಟಾರನ್ನು ಹುಡುಕಿಕೊಂಡು ಹೋಗಬೇಕು. ಜೊತೆಗೂಡಿ ಹಾಡುವಾಗ ಸ್ವರಗಳು ಅಲ್ಲಲ್ಲಿ ಜಾರುತ್ತವೆ. ಸ್ಟುಡಿಯೋದಲ್ಲಿ ನಯವಾಗಿ ಬಂದ ಹಾಡುಗಳು ಇಲ್ಲಿ ರೈಲು ತಪ್ಪೀತು ಎಂಬಂತೆ ಓಡುತ್ತವೆ. 1964ರ ಆಗಸ್ಟ್ 23ರಂದು, ಅಮೆರಿಕದಲ್ಲಿ ಅವರ ತಟ್ಟೆಗಳನ್ನು ಹೊರತರುತ್ತಿದ್ದ ಕ್ಯಾಪಿಟಲ್ ಕಂಪನಿ ಈ ಕಛೇರಿಯನ್ನು ಮುದ್ರಿಸಿಕೊಂಡಿತು. ಮರುವರ್ಷ ಆಗಸ್ಟ್ 29 ಮತ್ತು 30ರಂದು ಅಲ್ಲಿಯೇ ಮತ್ತೆ ಪ್ರಯತ್ನಿಸಿತು. ಎರಡೂ ಸಲ ಗುಣಮಟ್ಟ ಸಾಲದೆಂದು ಸುರುಳಿಗಳು ಕಪಾಟು ಸೇರಿದವು. ಆದ್ದರಿಂದ ನಿಮ್ಮ ದೂರು ಹೊಸದೇನಲ್ಲ, ಅರವತ್ತು ವರ್ಷ ಹಳೆಯದು.

ಈಗ ಜಗಳ.

ಹಾಲಿವುಡ್ ಬೌಲ್ ಎಂದರೆ ಲಾಸ್ ಏಂಜಲೀಸಿನ ಗುಡ್ಡಗಳ ಮಡಿಲಲ್ಲಿ ಬಟ್ಟಲಿನಂತೆ ಕುಳಿತಿರುವ ಬಯಲು ರಂಗಮಂದಿರ. 1922ರಿಂದ ಅಲ್ಲಿ ಬೇಸಿಗೆಯ ಸಂಜೆಗಳಲ್ಲಿ ಶಾಸ್ತ್ರೀಯ ವಾದ್ಯವೃಂದದ ಕಛೇರಿಗಳು ನಡೆಯುತ್ತ ಬಂದಿವೆ. ಪಿಟೀಲಿನ ಎಳೆ ಕೊನೆಯ ಸಾಲಿನವರೆಗೂ ತಲುಪಲಿ ಎಂದು ಆರಿಸಿಕೊಂಡ ಜಾಗ ಅದು. ಆ ಬಟ್ಟಲಿಗೆ ಹದಿಮೂರು, ಹದಿನಾಲ್ಕು, ಹದಿನೈದರ ಹುಡುಗಿಯರನ್ನು ಸಾವಿರಗಟ್ಟಲೆ ಸುರಿದರೆ ಏನಾಗುತ್ತದೆ? ಬೀಟಲ್ಸ್ ತಟ್ಟೆಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಎಲ್‌ಪಿಯ ರಕ್ಷಾಕವಚದಲ್ಲಿ ಬರೆದಿದ್ದಾರೆ: 17,000 ಆರೋಗ್ಯವಂತ ಎಳೆಯ ಶ್ವಾಸಕೋಶಗಳ ನಿಲ್ಲದ ಚೀತ್ಕಾರದ ಮುಂದೆ ಜೆಟ್ ವಿಮಾನದ ಸದ್ದು ಕೂಡ ಕೇಳಿಸುತ್ತಿರಲಿಲ್ಲ. ‘ಆರೋಗ್ಯವಂತ’ ಎಂಬ ಮಾತನ್ನು ಗಮನಿಸಿ. ಗೊಣಗುತ್ತಲೇ ಅವರು ಆ ಮಕ್ಕಳಿಗೆ ಒಂದು ಪ್ರಮಾಣಪತ್ರವನ್ನೂ ಕೊಟ್ಟಿದ್ದಾರೆ.

ವೇದಿಕೆಯ ಮೇಲಿನ ನಾಲ್ವರ ಗತಿಯನ್ನು ಒಮ್ಮೆ ಯೋಚಿಸಿ. ಇಂದು ಊರ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದವರಿಗೂ ಕಾಲಬುಡದಲ್ಲಿ ಮಾನಿಟರ್ ಸ್ಪೀಕರ್ ಇರುತ್ತದೆ, ತಮ್ಮ ದನಿ ತಮಗೆ ಕೇಳಿಸಲೆಂದು. ಬೀಟಲ್ಸ್‌ಗೆ ಅದೂ ಇರಲಿಲ್ಲ. ಜಾನ್ ಲೆನನ್‌ಗೆ ಜಾನ್ ಹಾಡಿದ್ದೇ ಕೇಳಿಸುತ್ತಿರಲಿಲ್ಲ. ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ ರಿಂಗೋ ಸ್ಟಾರ್, ಹಾಡು ಎಲ್ಲಿಗೆ ಬಂತೆಂದು ತಿಳಿಯಲು ಮುಂದಿದ್ದವರ ತಲೆಯಾಟ, ಕಾಲಿನ ತಾಳ ಮತ್ತು ಪೃಷ್ಠದ ಅಲುಗಾಟವನ್ನು ನೋಡಿಕೊಳ್ಳುತ್ತಿದ್ದುದಾಗಿ ಆಮೇಲೆ ನಗುತ್ತ ಹೇಳಿಕೊಂಡಿದ್ದಾರೆ. ಈ ಸ್ಥಿತಿಯಲ್ಲಿ ‘ಬಾಯ್ಸ್’ ಹಾಡನ್ನು ಅದೇ ರಿಂಗೋ ಡ್ರಮ್ಸ್ ಬಾರಿಸುತ್ತಲೇ ಹಾಡಿದ್ದಾರೆ. ತಾಳ ಎಲ್ಲಿ ತಪ್ಪಿದೆ, ತೋರಿಸಿ ನೋಡೋಣ. ಕಣ್ಣುಮುಚ್ಚಾಲೆಯ ಬಟ್ಟೆ ಕಟ್ಟಿಕೊಂಡು ಅಡಿಕೆಮರ ಹತ್ತಿದಂತಹ ಕೆಲಸ ಅದು. ಈ ಆಲ್ಬಮ್ಮಿನ ಅಭಿಮಾನಿಗಳು ಮೆಚ್ಚುವುದು ಇದನ್ನು. ಹ್ಯಾಂಬರ್ಗಿನ ಹೊಗೆ ತುಂಬಿದ ಕ್ಲಬ್ಬುಗಳಲ್ಲಿ ರಾತ್ರಿಗೆ ಹಲವು ಗಂಟೆ ನುಡಿಸಿ ಪಳಗಿದ ಕೈಗಳು, ಕಿವಿ ಸತ್ತಾಗಲೂ ದಾರಿ ತಪ್ಪಲಿಲ್ಲ. ಸ್ಟುಡಿಯೋದ ಹಾಡಿನಲ್ಲಿ ಈ ಧೈರ್ಯವನ್ನು ಕೇಳಲು ಸಾಧ್ಯವೇ ಇಲ್ಲ, ಅಲ್ಲಿ ಅದರ ಅಗತ್ಯವೇ ಇರಲಿಲ್ಲವಲ್ಲ.

ಸುರುಳಿಗಳು ಕಪಾಟಿನಿಂದ ಹೊರಬಂದ ಕತೆಯೂ ಸ್ವಾರಸ್ಯದ್ದು. ಎಪ್ಪತ್ತರ ದಶಕದಲ್ಲಿ ಕ್ಯಾಪಿಟಲ್ ಕಂಪನಿಯ ಅಧ್ಯಕ್ಷರಾಗಿದ್ದವರು ತಿರುವನಂತಪುರದಲ್ಲಿ ಹುಟ್ಟಿದ ಭಾಸ್ಕರ ಮೆನನ್. ಅದಕ್ಕೂ ಮೊದಲು ನಮ್ಮ ಗ್ರಾಮಾಫೋನ್ ಕಂಪನಿಯನ್ನು ನಡೆಸಿದ್ದವರು. ನಮ್ಮ ಮನೆಗಳಲ್ಲಿ ತಿರುಗುತ್ತಿದ್ದ ನಾಯಿ ಚಿತ್ರದ ತಟ್ಟೆಗಳೆಲ್ಲ ಆ ಕಂಪನಿಯ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದವು. ಅವರು ಮಾರ್ಟಿನ್ನರನ್ನು ಕರೆದು, ಇದನ್ನೊಮ್ಮೆ ಕೇಳಿ ಎಂದರು. ಮಾರ್ಟಿನ್ನರಿಗೆ ಮನಸ್ಸಿರಲಿಲ್ಲ. ಕೇಳಿದ ಮೇಲೆ ಬಿಡಲಾಗಲಿಲ್ಲ. ಮೂಲ ಮುದ್ರಣ ಮೂರೇ ಟ್ರ್ಯಾಕಿನದು, ಎಂದರೆ ಸದ್ದನ್ನೆಲ್ಲ ಮೂರೇ ಪಟ್ಟಿಗಳಲ್ಲಿ ಹಿಡಿದದ್ದು. ಅದನ್ನು ನುಡಿಸುವ ಹಳೆಯ ಯಂತ್ರ ಹುಡುಕಿ ತಂದರೆ ಅದು ಕಾದು ಕೆಂಡವಾಗತೊಡಗಿತು. ಕೊನೆಗೆ ಅವರೂ ಎಂಜಿನಿಯರ್ ಜೆಫ್ ಎಮರಿಕ್ಕರೂ ವ್ಯಾಕ್ಯೂಮ್ ಕ್ಲೀನರಿನಿಂದ ತಣ್ಣನೆಯ ಗಾಳಿ ಊದಿಸುತ್ತ ಸುರುಳಿಯನ್ನು ಹೊಸ ಯಂತ್ರಕ್ಕೆ ಇಳಿಸಿದರು. ಕಸ ಹೀರುವ ಯಂತ್ರವನ್ನು ತಂದೂ ಅವರು ಆ ಕೂಗನ್ನು ಹೀರಲಿಲ್ಲ, ನೋಡಿ. 1977ರ ಮೇ ತಿಂಗಳಲ್ಲಿ ಹದಿಮೂರು ಹಾಡುಗಳ ಎಲ್‌ಪಿ ಬಂತು. ತಂಡ ಒಡೆದು ಏಳು ವರ್ಷವಾಗಿದ್ದರೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ನಿಮ್ಮ ಪ್ರಕಾರ ಅಷ್ಟೂ ಮಂದಿ ಕುರುಡರು.

ನನ್ನ ಪ್ರತಿ 1983ರದು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ 18 ರೂಪಾಯಿಗೆ ಕೊಂಡದ್ದು. ರಕ್ಷಾಕವಚದ ಮೇಲೆ ಯಾರೋ ಹಾಲಿನ ಲೆಕ್ಕ ಬರೆದಿದ್ದರು. ಮೊದಲ ಸಲ ಹಾಕಿದಾಗ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು “ಎಲ್ಲಿ ಬೆಂಕಿ ಬಿದ್ದಿದೆ ಮಗಳೇ?” ಎಂದು ಕೇಳಿದರು. ಬಿದ್ದದ್ದು ನಿಜ ಅಜ್ಜಿ, ಆದರೆ ಅಮೆರಿಕದಲ್ಲಿ, ಹತ್ತೊಂಬತ್ತು ವರ್ಷಗಳ ಹಿಂದೆ ಎಂದೆ. ಅವರು ಸ್ವಲ್ಪ ಹೊತ್ತು ನಿಂತು ಕೇಳಿದರು. “ಪಾಪ, ಎಷ್ಟು ಖುಷಿಯಾಗಿವೆ ಹುಡುಗಿಯರು” ಎಂದು ಹೇಳಿ ಇಳಿದುಹೋದರು. ಇಂಗ್ಲಿಷಿನ ಒಂದಕ್ಷರ ಬಾರದಿದ್ದ ಅವರು ಆಡಿದ್ದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಈ ಆಲ್ಬಮ್ ಬಗ್ಗೆ ನಾನು ಓದಿಲ್ಲ.

ಈಗ ನಿಮ್ಮ 2016ರ ಶುದ್ಧ ಆವೃತ್ತಿಯ ಸಂಗತಿ. ಜಾರ್ಜ್ ಮಾರ್ಟಿನ್ನರ ಮಗ ಜೈಲ್ಸ್ ಮಾರ್ಟಿನ್ ಮಾಡಿದ್ದು ಅದು. ಅಬೀ ರೋಡ್ ಸ್ಟುಡಿಯೋದ ಜೇಮ್ಸ್ ಕ್ಲಾರ್ಕ್ ಕಂಪ್ಯೂಟರಿನಲ್ಲಿ ಒಂದು ತಂತ್ರ ರೂಪಿಸಿದರು. ಎಲ್ಲ ಮೈಕುಗಳಿಗೂ ನುಗ್ಗಿದ್ದ ಕೂಗಿನಿಂದ ವಾದ್ಯವನ್ನೂ ಕಂಠವನ್ನೂ ಬಿಡಿಸಿ ತೆಗೆಯುವ ತಂತ್ರ. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸದ ಕತೆ ಕೇಳಿದ್ದೇವಲ್ಲ, ಆ ಹಂಸ ಕೊನೆಗೂ ಲಂಡನ್ನಿನಲ್ಲಿ ಸಿಕ್ಕಿತು. ನಾಲ್ಕು ಹೊಸ ಹಾಡುಗಳೂ ಸೇರಿವೆ. ರಿಂಗೋರ ಕೈಚಳಕ ಸ್ಪಷ್ಟವಾಗಿ ಕೇಳುತ್ತದೆ, ಒಪ್ಪಿದೆ. ಆದರೆ ಕೂಗನ್ನು ದೂರ ತಳ್ಳಿದ ಮೇಲೆ ಆ ನಾಲ್ವರು ಯಾಕೆ ಅಷ್ಟು ಜೋರಾಗಿ, ಅಷ್ಟು ಅವಸರದಲ್ಲಿ ಹಾಡುತ್ತಿದ್ದಾರೆ ಎಂಬುದು ತಿಳಿಯುವುದೇ ಇಲ್ಲ. ಎದುರಾಳಿಯನ್ನು ಅಳಿಸಿಹಾಕಿದ ಕುಸ್ತಿಯ ಚಿತ್ರದಂತೆ: ಒಬ್ಬ ಪೈಲ್ವಾನ ಸುಮ್ಮನೆ ಗಾಳಿಯನ್ನು ಅಪ್ಪಿಕೊಂಡು ಬೆವರುತ್ತಿದ್ದಾನೆ.

ಇನ್ನೊಂದು ಸಂಗತಿ ಕೇಳಿ, ಇದನ್ನು ಬೇಕೆಂದೇ ತಡವಾಗಿ ಹೇಳುತ್ತಿದ್ದೇನೆ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿ ಬೀಟಲ್ಸ್ ಪ್ರವಾಸವನ್ನೇ ಕೈಬಿಟ್ಟರು. ಅದಕ್ಕೆ ಕಾರಣಗಳಲ್ಲಿ ನೀವು ಹೇಳುವ ಈ ಕಿರುಚಾಟವೂ ಒಂದು. ಮರುವರ್ಷ ‘ಸಾರ್ಜೆಂಟ್ ಪೆಪರ್’ ಆಲ್ಬಮ್ಮನ್ನು ಸ್ಟುಡಿಯೋದ ಬಾಗಿಲು ಮುಚ್ಚಿಕೊಂಡು ತಿಂಗಳುಗಟ್ಟಲೆ ಕೂತು ಮಾಡಿದರು. ಅದರಲ್ಲೊಂದು ಕಲ್ಪನೆಯ ಬ್ಯಾಂಡ್, ಕಲ್ಪನೆಯ ಕಛೇರಿ. ಮೊದಲ ಹಾಡು ಮುಗಿದು ಬಿಲ್ಲಿ ಶಿಯರ್ಸ್ ಎಂಬ ಗಾಯಕನ ಹೆಸರು ಕೂಗಿದಾಗ ಜನ ಚೀರಬೇಕು. ಆ ಚೀರುವಿಕೆಯನ್ನು ಎಲ್ಲಿಂದ ತಂದರು? ಕಪಾಟಿನಲ್ಲಿದ್ದ ಹಾಲಿವುಡ್ ಬೌಲಿನ ಸುರುಳಿಯಿಂದ. ಆ ಹುಡುಗಿಯರಿಂದ ತಪ್ಪಿಸಿಕೊಂಡು ಓಡಿಹೋದವರು, ಹಾಡಿಗೆ ಜೀವ ಬೇಕಾದಾಗ ಅವರ ಮನೆಬಾಗಿಲಿಗೇ ಹೋಗಿ ಕಡ ಕೇಳಿದರು. ಆ ಕಛೇರಿಯ ಹಾಡುಗಳು ಎಲ್‌ಪಿಯಾಗುವ ಹತ್ತು ವರ್ಷ ಮೊದಲೇ ಹುಡುಗಿಯರ ಕೂಗು ಎಲ್‌ಪಿಯಲ್ಲಿ ಬಂದಾಗಿತ್ತು!

ಅವರನ್ನು ಬೈದವರಲ್ಲಿ ನೀವು ಮೊದಲಿಗರಲ್ಲ. 1964ರ ಫೆಬ್ರುವರಿಯಲ್ಲಿ ‘ನ್ಯೂ ಸ್ಟೇಟ್ಸ್‌ಮನ್’ ವಾರಪತ್ರಿಕೆಯಲ್ಲಿ ಪಾಲ್ ಜಾನ್ಸನ್ ಬರೆದ ಲೇಖನ ತೆಗೆದು ನೋಡಿ. ಅಗ್ಗದ ಮಿಠಾಯಿ ತಿಂದು ಊದಿದ ಮುಖಗಳು, ಅಗ್ಗದ ಅಂಗಡಿಯ ಮೇಕಪ್ಪು, ಜೋತುಬಿದ್ದ ಬಾಯಿಗಳು ಎಂದು ಒಂದೊಂದಾಗಿ ಎಣಿಸಿದ್ದಾರೆ. ಈ ಮಕ್ಕಳು ತಮ್ಮ ಪೀಳಿಗೆಯ ಮಂದರು, ಸೋಮಾರಿಗಳು, ಸೋತವರು ಎಂದು ತೀರ್ಪು ಕೊಟ್ಟಿದ್ದಾರೆ. ಹಾಗೆ ಬೈಸಿಕೊಂಡವರ ಸಾಲಿನಲ್ಲಿ ಯಾರಿದ್ದರು? ಹಾಲಿವುಡ್ ಬೌಲಿನ ಗುಂಪಿನಲ್ಲಿ ಹದಿಹರೆಯದ ಸಿಗರ್ನಿ ವೀವರ್ ಇದ್ದರು. ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ನಡೆದ ಬೀಟಲ್ಸ್ ಕಛೇರಿಗೆ ತಾಯಿ ಎಲ್ಲಿಗೆಂದು ಹೇಳದೆ ಕರೆದೊಯ್ದ ಕಪ್ಪು ಹುಡುಗಿ ವೂಪಿ ಗೋಲ್ಡ್‌ಬರ್ಗ್. ಇಬ್ಬರೂ ಮುಂದೆ ಏನಾದರೆಂದು ಸಿನಿಮಾ ನೋಡುವ ನಿಮ್ಮ ಮೊಮ್ಮಗನನ್ನು ಕೇಳಿ. ಪ್ರಸಿದ್ಧರಾಗದೆ ಉಳಿದ ಸಾವಿರಾರು ಜನರೂ ಸೋತವರೆಂದು ಒಪ್ಪಲು ನಾನಂತೂ ತಯಾರಿಲ್ಲ.

ಇದು ನನಗೆ ಸ್ವಂತದ ವಿಷಯವೂ ಹೌದು. ಎಪ್ಪತ್ತರ ದಶಕದ ಕೊನೆ, ಸಾಗರದ ಗಣೇಶೋತ್ಸವ, ಆರ್ಕೆಸ್ಟ್ರಾ. ಅಣ್ಣ ಎರಡು ಬೆರಳಿಟ್ಟು ಸಿಳ್ಳೆ ಹಾಕುವುದನ್ನು ನನಗೂ ಕಲಿಸಿಕೊಟ್ಟಿದ್ದ. ಅವನು ಹಾಕಿದ, ನಾನೂ ಹಾಕಿದೆ. ಚಿಕ್ಕಪ್ಪ ಬಂದು ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದರು. ಅಣ್ಣ ಮಂಗಳದವರೆಗೂ ಅಲ್ಲೇ ಇದ್ದು ರಾತ್ರಿ ಹನ್ನೆರಡಕ್ಕೆ ಬಂದ. ಯಾರೂ ಒಂದು ಮಾತು ಕೇಳಲಿಲ್ಲ. ಆಮೇಲೆ ನಾನು ಸಭೆಗಳಲ್ಲಿ ಸಿಳ್ಳೆ ಹಾಕಿಲ್ಲ. ನಿಮ್ಮ ಪತ್ರದಲ್ಲಿ ‘ಆ ಹುಡುಗಿಯರು’ ಎಂಬಲ್ಲಿಗೆ ಬಂದಾಗ ರಟ್ಟೆ ನೊಂದಂತಾಯಿತು.

ಅವರು ಕೇಳಲು ಬಂದಿದ್ದರೋ ಕೂಗಲೋ ಎಂದಿದ್ದೀರಿ. ಹಾಡುಗಳು ಅವರಿಗೆ ಆಗಲೇ ಬಾಯಿಪಾಠವಾಗಿದ್ದವು, ಮನೆಯಲ್ಲಿ ತಟ್ಟೆ ಸವೆಯುವಷ್ಟು ಕೇಳಿ ಬಂದಿದ್ದರು. ತೇರಿನ ದಿನ ತೇರು ಹೇಗಿದೆಯೆಂದು ಪರೀಕ್ಷಿಸಲು ಯಾರು ಹೋಗುತ್ತಾರೆ? ಹಗ್ಗ ಹಿಡಿಯಲು ಹೋಗುತ್ತಾರೆ.

ನಮ್ಮಲ್ಲಿ ಈ ಶುದ್ಧೀಕರಣದ ಹುಚ್ಚು ಈಚೆಗೆ ವಿಪರೀತವಾಗಿದೆ, ಮಾತು ಬಂದದ್ದರಿಂದ ಹೇಳುತ್ತೇನೆ. ಹಿಂದೊಮ್ಮೆ ನನಗೆ ತಾಳಮದ್ದಳೆಯ ಒಂದು ಸಿಡಿ ಬಂತು. ಪ್ರೇಕ್ಷಕರಿಲ್ಲದೆ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ಅರ್ಥಧಾರಿ ಕೃಷ್ಣನ ಬಾಯಲ್ಲಿ ಒಂದು ಕೊಂಕು ನುಡಿದು ಅಭ್ಯಾಸಬಲದಿಂದ ನಿಲ್ಲಿಸುತ್ತಾರೆ, ನಗು ಬರಲೆಂದು. ನಗು ಬರುವುದಿಲ್ಲ. ಆ ಎರಡು ಕ್ಷಣಗಳ ಮೌನದಲ್ಲಿ ಕೌರವನ ಪಾತ್ರಧಾರಿ ಕೂಡ ಏನು ಮಾಡುವುದೆಂದು ತಿಳಿಯದೆ ಕೆಮ್ಮುತ್ತಾರೆ. ಸಂಧಾನ ಮುರಿದದ್ದು ಅಲ್ಲಿಯೇ ಎಂದು ನನಗನ್ನಿಸಿತು. ಇತ್ತ ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಇದರ ತಲೆಕೆಳಗು: ಕ್ಯಾಮೆರಾ ಹಿಂದೆ ನಿಂತವನು ಕೈ ಎತ್ತಿದಾಗ ಚಪ್ಪಾಳೆ, ಇಳಿಸಿದಾಗ ಮೌನ, ಉಳಿದದ್ದು ಕಂಪ್ಯೂಟರಿನದು. ಧಾರವಾಡದ ಬೈಠಕ್ಕುಗಳಲ್ಲಿ ಮೊದಲ ಸಾಲಿನ ಹಿರಿಯರೊಬ್ಬರ ಬಾಯಿಂದ ತಾನಾಗಿ ಹೊರಡುತ್ತಿದ್ದ ‘ವಾಹ್’ ಒಂದರಿಂದ ಗಾಯಕರು ಇನ್ನೊಂದು ಆವರ್ತ ಬೆಳೆಸುತ್ತಿದ್ದುದನ್ನು ನೋಡಿದ್ದೇನೆ. ಈಗ ಅಲ್ಲಿಯೂ ಮೊದಲ ಸಾಲು ಮೊಬೈಲು ಎತ್ತಿ ಹಿಡಿದು ಗಂಭೀರವಾಗಿ ಚಿತ್ರೀಕರಿಸುತ್ತಿರುತ್ತದೆ. ಕೈ ಎರಡೂ ತುಂಬಿದವರು ಚಪ್ಪಾಳೆ ತಟ್ಟುವುದು ಹೇಗೆ?

ಪತ್ರಿಕೆಗಳ ಪಾಡೂ ಹಾಗೇ ಆಗಿದೆ. ನಾನು ಈ ಕುರ್ಚಿಗೆ ಬಂದಾಗ ವಾರಕ್ಕೊಂದು ಚೀಲ ಪತ್ರ ಬರುತ್ತಿತ್ತು. ಅರ್ಧಕ್ಕರ್ಧ ಬೈಗುಳ, ಅದರಲ್ಲೂ ಎಂಥ ಚೆಂದದ ಬೈಗುಳ. ಈಗ ಬರುವುದು ಹೆಬ್ಬೆಟ್ಟಿನ ಚಿತ್ರ. ಹೆಬ್ಬೆಟ್ಟು ಒತ್ತುವುದನ್ನು ತಪ್ಪಿಸಲೆಂದೇ ಊರೂರಿಗೆ ಶಾಲೆ ತೆರೆದ ದೇಶ ಇದು.

ಆದ್ದರಿಂದ ನೀವು ಸಿಟ್ಟಾಗಿದ್ದಕ್ಕೆ ನನಗೆ ಸಂತೋಷವೇ ಆಗಿದೆ. ಮೊಮ್ಮಗ ಎಲ್‌ಪಿ ಹಿಂತಿರುಗಿಸುವ ಮೊದಲು ಇನ್ನೊಂದು ಸಲ ಹಾಕಿಸಿ, ಎರಡನೆಯ ಬದಿಯ ಕೊನೆಯಲ್ಲಿರುವ ‘ಲಾಂಗ್ ಟಾಲ್ ಸ್ಯಾಲಿ’ ಮಾತ್ರ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋದ ಆ ಕೊನೆಯ ಕಛೇರಿಯನ್ನೂ ಇದೇ ಹಾಡಿನಿಂದ ಮುಗಿಸಿದರು. ಅಂದು ಪಾಲ್ ಹೇಳಿದ್ದರಿಂದ ಅವರ ಪತ್ರಿಕಾಧಿಕಾರಿ ಟೋನಿ ಬ್ಯಾರೋ ಮೈದಾನದಲ್ಲಿ ನಿಂತು ಕೈಯಲ್ಲಿದ್ದ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಒಂದು ಬದಿಗೆ ಮೂವತ್ತೇ ನಿಮಿಷದ ಕ್ಯಾಸೆಟ್ಟು. ಹಾಡಿನ ನಡುವೆಯೇ ಮುಗಿದುಹೋಯಿತು. ನಿಮ್ಮ ಕೈಯಲ್ಲಿರುವ ತಟ್ಟೆಯಲ್ಲಿ ಹಾಡು ಪೂರ್ತಿಯಿದೆ, ಅದರ ಮೇಲಿನ ಕೂಗೂ ಪೂರ್ತಿಯಿದೆ. ಆಮೇಲೂ ಹಾಡು ಎಲ್ಲಿ ಎನಿಸಿದರೆ ಇಷ್ಟೇ ಉದ್ದದ ಇನ್ನೊಂದು ಪತ್ರ ಬರೆಯಿರಿ, ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕಿಸುತ್ತೇನೆ.

ನಿಮ್ಮ ಚಂದಾ ಈ ತಿಂಗಳಿಗೆ ಮುಗಿಯುತ್ತದೆಂದು ನಮ್ಮ ವ್ಯವಸ್ಥಾಪಕರು ತಿಳಿಸಿದ್ದಾರೆ.