ಬಾಟಲಿ ಹೂವು ಬೇಡ, ಮಕ್ಕಳ ಕೈಯಿಂದ ಹಾಳೆ ಮಾಡಿಸಿ

ಅಕ್ಕೋರೇ, ನಮಸ್ಕಾರ. ಕುಂದಗೋಳ ಕಡೆಯ ನಿಮ್ಮ ಶಾಲೆಯಲ್ಲಿ ಐದನೇ ತರಗತಿಗೆ ಕಸದ ಮರುಬಳಕೆ ಹೇಳಿಕೊಡಬೇಕು, ಪ್ಲಾಸ್ಟಿಕ್ ಬಾಟಲಿ ತರಿಸಿ ಹೂವು, ಪೆನ್ ಸ್ಟ್ಯಾಂಡ್ ಮಾಡಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಅದು ಬೇಡ. ಖಾಲಿ ನೀರಿನ ಬಾಟಲಿಯನ್ನು ಗುಜರಿಯವರು ತಗೊಳ್ತಾರೆ, ಅದು ಕರಗಿ ದಾರವಾಗಿ ಬಟ್ಟೆಯೂ ಆಗುತ್ತದೆ. ಬಣ್ಣ, ಗೋಂದು, ಮಿಂಚು ಬಳಿದ ಬಾಟಲಿ ಯಾರಿಗೂ ಬೇಡ. ಪ್ರದರ್ಶನ ಮುಗಿದ ಮರುದಿನ ಅದು ತಿಪ್ಪೆಗೇ ಹೋಗುತ್ತದೆ.

ಮೊದಲು ತರಗತಿಯ ಕಸದ ಬುಟ್ಟಿಯನ್ನೇ ನೆಲದ ಮೇಲೆ ಸುರುವಿ. ಪ್ರತಿಯೊಂದಕ್ಕೂ "ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ?" ಅಂತ ಕೇಳಿ. ಚಿಪ್ಸ್ ಪಾಕೀಟು ಬಂದಾಗ ಸ್ವಲ್ಪ ನಿಲ್ಲಿ. ಅದರಲ್ಲಿ ಪ್ಲಾಸ್ಟಿಕ್ ಮತ್ತು ತೆಳು ಅಲ್ಯುಮಿನಿಯಂ ಪದರ ಒಂದಕ್ಕೊಂದು ಅಂಟಿರುತ್ತವೆ, ಬಿಡಿಸುವುದು ಬಹಳ ಕಷ್ಟ, ಅದಕ್ಕೇ ಯಾರೂ ಕೊಳ್ಳುವುದಿಲ್ಲ. ಹಾಲಿನ ಪಾಕೀಟು ಹಾಗಲ್ಲ. ತೊಳೆದು ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕತ್ತರಿಸುವಾಗ ಮೂಲೆಯ ಚೂರು ಉದುರಿ ಬೀಳದಂತೆ ನೋಡಿಕೊಳ್ಳಲು ಮಕ್ಕಳಿಗೆ ಹೇಳಿ. ಮನೆಯಲ್ಲಿ ಅವ್ವನಿಗೆ ಅವರೇ ಕಲಿಸುತ್ತಾರೆ.

ಇನ್ನು ಹಾಳೆ. ನನ್ನ ಪ್ರಕಾರ ಇದೇ ಮುಖ್ಯ ಪಾಠ, ಇದಕ್ಕೆ ಜಾಸ್ತಿ ಸಮಯ ಕೊಡಿ. ಬರೆದು ಮುಗಿದ ನೋಟ್‌ಬುಕ್ಕಿನ ಪಿನ್ನು ತೆಗೆದು, ಹಾಳೆಗಳನ್ನು ಚಿಕ್ಕದಾಗಿ ಹರಿದು ರಾತ್ರಿಯಿಡೀ ನೆನೆಸಿ. ಕ್ಯಾಲೆಂಡರಿನಂಥ ನುಣುಪು ಕಾಗದ ಸೇರಿಸಬೇಡಿ. ಮರುದಿನ ಬಹಳ ನೀರು ಹಾಕಿ ಮಿಕ್ಸರಿನಲ್ಲಿ ರುಬ್ಬಿ, ಇಲ್ಲದಿದ್ದರೆ ಒರಳಲ್ಲಿ ಕುಟ್ಟಿಸಿ. ಸ್ವಲ್ಪ ಅನ್ನದ ಗಂಜಿ ಬೆರೆಸಿದರೆ ಆಮೇಲೆ ಶಾಯಿ ಅಷ್ಟು ಹರಡುವುದಿಲ್ಲ. ಒಡೆದ ಪಾಟಿಯ ಕಟ್ಟಿಗೆ ಚೌಕಟ್ಟಿಗೆ ಸೊಳ್ಳೆ ಜಾಳಿಗೆ ಹೊಡೆದರೆ ಜರಡಿ ಸಿದ್ಧ. ರುಬ್ಬಿದ್ದನ್ನು ಅಗಲ ಟಬ್ಬಿನ ನೀರಿನಲ್ಲಿ ಕದಡಿ, ಜರಡಿಯನ್ನು ಅದರಲ್ಲಿ ಮುಳುಗಿಸಿ ಮಟ್ಟವಾಗಿ ಎತ್ತಿ, ಹಳೇ ಧೋತರದ ಮೇಲೆ ಬೋರಲು ಹಾಕಿ, ಸ್ಪಂಜಿನಿಂದ ನೀರು ಹೀರಿಸಿ ನಿಧಾನ ಬಿಡಿಸಿ. ಮೊದಲ ಹಾಳೆಗಳು ರೊಟ್ಟಿಯಂತೆ ದಪ್ಪ ಬರುತ್ತವೆ, ಬರಲಿ ಬಿಡಿ. ದಸರಾ ರಜೆ ಮುಗಿದ ಮೇಲೆ ಮಾಡಿಸಿ. ಜಿಟಿಜಿಟಿ ಮಳೆಯಲ್ಲಿ ಒಣಗದೆ ಬೂಸರು ಹಿಡಿಯುತ್ತದೆ.

ರುಬ್ಬಿದ ಮೇಲೆ ಒಂದು ಚಿಟಿಕೆ ರಾಜಗಿರಿ ಬೀಜ ಹಾಕಿದರೆ ಅದೇ ಹಾಳೆಯನ್ನು ಕುಂಡದಲ್ಲಿ ಬಿತ್ತಬಹುದು. ಹಾಳೆ ತೆಳುವಾಗಿರಲಿ, ಒಂದೇ ದಿನದಲ್ಲಿ ಒಣಗಲಿ, ಇಲ್ಲದಿದ್ದರೆ ಅಲ್ಲೇ ಮೊಳಕೆ ಬರುತ್ತದೆ.

ಇದನ್ನು ಮಾಡುವಾಗ ಮಕ್ಕಳು "ಇದನ್ನು ಮತ್ತೆ ರುಬ್ಬಿ ಮತ್ತೆ ಹಾಳೆ ಮಾಡಬಹುದಾ?" ಅಂತ ಕೇಳೇ ಕೇಳುತ್ತಾರೆ. ಮಾಡಬಹುದು, ಆದರೆ ಪ್ರತಿ ಸಲ ನಾರು ತುಂಡಾಗುತ್ತಾ ಹೋಗುತ್ತದೆ, ಸುಮಾರು 5ರಿಂದ 7 ಸಲ ಅಷ್ಟೇ. ಗಾಜು, ಅಲ್ಯುಮಿನಿಯಂ ಎಷ್ಟು ಸಲ ಬೇಕಾದರೂ ಕರಗಿಸಬಹುದು. ಅದಿರಿನಿಂದ ಹೊಸ ಅಲ್ಯುಮಿನಿಯಂ ಮಾಡುವುದಕ್ಕಿಂತ ಹಳೆಯದನ್ನು ಕರಗಿಸಿದರೆ ಸುಮಾರು 95% ಶಕ್ತಿ ಉಳಿಯುತ್ತದೆ.

ಹಾಗೇ ಒಂದು ಕೌದಿ ತರಿಸಿ ತೋರಿಸಿ. ಅಜ್ಜಿ ಹಳೇ ಸೀರೆ ಹೊಲಿದು ಕೌದಿ ಮಾಡಿದ್ದು ಇದ್ದ ಬಟ್ಟೆಯನ್ನೇ ಮತ್ತೆ ಬಳಸಿದ್ದು. ಹಾಳೆಯಲ್ಲಿ ನಾವು ವಸ್ತುವನ್ನೇ ರುಬ್ಬಿ ಹೊಸದು ಮಾಡಿದೆವು. ಈ ಎರಡರ ವ್ಯತ್ಯಾಸ ಮಕ್ಕಳಿಗೆ ಬೇಗ ಹೊಳೆಯುತ್ತದೆ.

ಬಿಸಿಯೂಟದ ತರಕಾರಿ ಸಿಪ್ಪೆಯಿಂದ ಗೊಬ್ಬರವನ್ನೂ ಮಾಡಿಸಬಹುದು. ಅದರ ಬಗ್ಗೆ ನಾನು ಹೇಳುವುದಿಷ್ಟೇ: ಸಾರು, ಎಣ್ಣೆ ಬೇಡ, ಒಣ ಎಲೆ ಸಿಪ್ಪೆಯ ಎರಡರಷ್ಟಿರಲಿ. ಸೆಲ್ಲು, ಟ್ಯೂಬ್‌ಲೈಟು, ಸಿರಿಂಜು ಮಕ್ಕಳ ಕೈಗೆ ಸಿಗದಿರಲಿ.

ಸಾಧ್ಯವಾದರೆ ರದ್ದಿ ಕೊಳ್ಳುವವರನ್ನು ತಕ್ಕಡಿ ಸಮೇತ ತರಗತಿಗೆ ಕರೆಸಿ. ಯಾವುದನ್ನು ಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ಅಂತ ಅವರ ಬಾಯಿಂದಲೇ ಮಕ್ಕಳು ಕೇಳಲಿ. 80 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಒಂದು ಸುಮಾರು 5 ಗ್ರಾಂ, 200 ಹಾಳೆಗೆ ಒಂದು ಕಿಲೋ. ಗಣಿತದ ಪಾಠವೂ ಆಯಿತು ಅಲ್ವಾ?

ಜಾಳಿಗೆ ಹೊಡೆದ ಚೌಕಟ್ಟುಗಳು ನನ್ನ ಹತ್ತಿರ ಸುಮ್ನೆ ಬಿದ್ದಿವೆ. ಧಾರವಾಡಕ್ಕೆ ಬಂದಾಗ ಒಯ್ಯಿರಿ.