ಎಲ್ರಿಗೂ ಜಮೀನಿತ್ತು, ಕಾರ್ಖಾನೆ ಮಾತ್ರ ಬರ್ಲಿಲ್ಲ

ಪ್ರಶ್ನೆ: ಸರ್, ನೂರು ವರ್ಷದ ಹಿಂದೆ ಬಲ್ಗೇರಿಯಾ, ಸರ್ಬಿಯಾದಲ್ಲಿ ಬಹುಪಾಲು ರೈತರಿಗೆ ಸ್ವಂತ ಜಮೀನಿತ್ತಂತೆ, ದೊಡ್ಡ ಜಮೀನ್ದಾರರ ಕಾಟ ಅಷ್ಟಾಗಿ ಇರ್ಲಿಲ್ವಂತೆ. ಆದ್ರೂ ಎರಡನೇ ಮಹಾಯುದ್ಧದವರೆಗೂ ಅಲ್ಲಿ ಕೈಗಾರಿಕೆ ಯಾಕೆ ಕುಂಟ್ತಾ ಇತ್ತು? ಜನ ಸೋಮಾರಿಗಳಾಗಿದ್ರಾ?

ಉತ್ತರ: ಸೋಮಾರಿತನದ ಮಾತು ಮೊದ್ಲು ಬಿಟ್ಬಿಡಿ, ಊರಾಚೆ ಕೂತು ನೋಡೋರಿಗೆ ಮಾತ್ರ ಹಾಗೆ ಕಾಣೋದು. ಒಂದು ಮನೆ ಅಂದ್ಕೊಳ್ಳಿ, ಮೂರು ಜನ ಮಾಡಿ ಮುಗಿಸೋ ಕೆಲಸಕ್ಕೆ ಐದು ಜನ ಇದಾರೆ, ಯಾರೂ ಸುಮ್ನೆ ಕೂತಿಲ್ಲ, ಐದೂ ಜನ ಬೆಳಗಾದ್ರೆ ಹೊಲಕ್ಕೆ ಹೋಗ್ತಾರೆ ಕಳೆ ಕೀಳ್ತಾರೆ ದನ ನೋಡ್ಕೋತಾರೆ, ಆದ್ರೆ ಅದ್ರಲ್ಲಿ ಇಬ್ರು ಊರು ಬಿಟ್ರೂ ಬೆಳೆ ಒಂದು ಚೀಲ ಕಮ್ಮಿ ಆಗಲ್ಲ. ಇದಕ್ಕೇ ಮರೆಮಾಚಿದ ನಿರುದ್ಯೋಗ ಅನ್ನೋದು. ಪೂರ್ವ ಮತ್ತು ಆಗ್ನೇಯ ಯೂರೋಪಲ್ಲಿ ನೂರಕ್ಕೆ 20ರಿಂದ 25 ಜನಕ್ಕೆ ಹೀಗೆ ಪೂರ್ತಿಯಾಗೋ ಅರೆಬರೆಯಾಗೋ ಕೆಲಸ ಇಲ್ಲ ಅಂತ ಅರ್ಥಶಾಸ್ತ್ರಜ್ಞ ರೋಸೆನ್‌ಸ್ಟೈನ್-ರೊಡಾನ್ 1943ರಲ್ಲೇ ಲೆಕ್ಕ ಹಾಕಿದ್ರು.

ದೊಡ್ಡ ಎಸ್ಟೇಟಿನ ಮಾಲೀಕನಾದ್ರೆ ಬೇಡದ ಆಳನ್ನ ನಾಳೆಯಿಂದ ಬರ್ಬೇಡ ಅಂತಾನೆ. ಮನೆಯವರು ತಮ್ಮನಿಗೆ ಹಾಗನ್ನೋಕಾಗುತ್ತಾ? ಇದ್ದಿದ್ರಲ್ಲೇ ಹಂಚ್ಕೊಂಡು ಉಣ್ತಾರೆ. ಅಪ್ಪ ತೀರ್ಕೊಂಡ್ಮೇಲೆ ಗಂಡುಮಕ್ಕಳೆಲ್ಲ ಸಮಪಾಲು, ಅವರ ಮಕ್ಕಳು ಮತ್ತೆ ಪಾಲು, ಕೊನೆಗೆ ಒಬ್ಬೊಬ್ಬನ ಜಮೀನು ಊರಿನ ನಾಲ್ಕು ದಿಕ್ಕಲ್ಲಿ ಪಟ್ಟಿಪಟ್ಟಿಯಾಗಿ ಬಿದ್ದಿರುತ್ತೆ. ಸರ್ಬಿಯಾದಲ್ಲಂತೂ 1836ರಲ್ಲೇ, ಆಮೇಲೆ 1873ರಲ್ಲಿ ಮತ್ತೆ, ರೈತನ ಮನೆ ಮತ್ತೆ ಬದುಕೋಕೆ ಬೇಕಾದಷ್ಟು ಜಮೀನನ್ನ ಸಾಲಕ್ಕೆ ಜಪ್ತಿ ಮಾಡೋ ಹಾಗಿಲ್ಲ ಅಂತ ಕಾನೂನು ಮಾಡಿದ್ರು. ಒಳ್ಳೇ ಕಾನೂನೇ. ಆದ್ರೆ ಜಪ್ತಿ ಮಾಡೋಕಾಗದ ಜಮೀನಿನ ಮೇಲೆ ಸಾಲ ಕೊಡೋರ್ಯಾರು, ಬಡವನಿಗೆ ಉಳಿದಿದ್ದು ಬಡ್ಡಿ ವ್ಯಾಪಾರಿ ಒಬ್ಬನೇ.

ಅಷ್ಟು ಜನ ಖಾಲಿ ಇದ್ದಾಗ ಕೂಲಿ ಅಗ್ಗ ಅಲ್ವಾ, ಕಾರ್ಖಾನೆ ಹಾಕ್ಬಹುದಿತ್ತಲ್ಲ ಅಂತ ಕೇಳ್ತೀರಿ. ಹಾಕಿ ಮಾರೋದು ಯಾರಿಗೆ? ಆ ರೈತ ಅಂಗಡೀಲಿ ತಗೊಳ್ತಿದ್ದಿದ್ದು ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ ಅಷ್ಟೇ, ಬಟ್ಟೆ ಮನೇಲೇ ನೇಯ್ತಿದ್ರು. ಬಲ್ಗೇರಿಯಾದ ಗಾಬ್ರೊವೊ, ಸ್ಲಿವೆನ್ ಊರುಗಳಲ್ಲಿ ಉಣ್ಣೆ ಬಟ್ಟೆ ಕೆಲಸ ಜೋರಾಗೇ ಇತ್ತು, ಆಗ ಆ ದೇಶವನ್ನ ಆಳ್ತಿದ್ದ ಒಟ್ಟೋಮನ್ (ತುರ್ಕರ) ಸಾಮ್ರಾಜ್ಯದ ಉದ್ದಗಲ ಮಾಲು ಹೋಗ್ತಿತ್ತು, 1878ರಲ್ಲಿ ದೇಶ ಬೇರೆಯಾಯ್ತು ನೋಡಿ, ಆ ಮಾರ್ಕೆಟ್ ಬರ್ತಾ ಬರ್ತಾ ಕೈತಪ್ತು, ಅದ್ರ ಮೇಲೆ ಪಶ್ಚಿಮದ ಮಿಲ್ಲಿನ ಮಾಲು ಬೇರೆ ಬಂದು ಸುರೀತು. ಅಮೆರಿಕಕ್ಕೆ ಹೋಗಿ ದುಡಿಯೋಣ ಅಂದ್ರೆ 1921, 1924ರ ಕೋಟಾ ಕಾನೂನು ಬಂದು ಬಾಗಿಲು ಹಾಕ್ತು. 1929ರ ನಂತರ ಧಾನ್ಯದ ರೇಟೂ ಬಿತ್ತು.

ಪ್ರಶ್ನೆ: ಹಾಗಾದ್ರೆ ರೈತರಿಗೆ ಜಮೀನು ಹಂಚಿದ್ದೇ ತಪ್ಪು ಅಂತೀರಾ?

ಉತ್ತರ: ಖಂಡಿತ ಇಲ್ಲ, ಹಾಗೆ ಹೇಳೋರು ಪಕ್ಕದ ರುಮೇನಿಯಾ ಕಡೆ ಒಂದ್ಸಲ ನೋಡ್ಬೇಕು. ಅಲ್ಲಿ ಸುಮಾರು ಅರ್ಧ ಜಮೀನು ದೊಡ್ಡವರ ಕೈಲಿತ್ತು, ಅವರಿಂದ ಜಮೀನು ಗುತ್ತಿಗೆ ಹಿಡಿದೋರು ರೈತನ್ನ ಹಿಂಡ್ತಿದ್ರು, 1907ರಲ್ಲಿ ದಂಗೆ ಎದ್ದು ಸಾವಿರಾರು ಜನ ಸತ್ರು. ಹಾಗಂತ ಅಲ್ಲೇನು ಊರೂರಿಗೆ ಕಾರ್ಖಾನೆ ಎದ್ವಾ? ಇಲ್ಲ.

ಇನ್ನು ಜಪಾನ್ ನೋಡಿ, ಅಲ್ಲೂ ಹಿಡುವಳಿ ಅಂಗೈಯಗಲ. ಆದ್ರೆ 1873ರಿಂದ ಕಂದಾಯವನ್ನ ಅಕ್ಕಿ ಬದ್ಲು ದುಡ್ಡಲ್ಲೇ ಕಟ್ಬೇಕು ಅಂತ ಮಾಡಿದ್ರು, ಜಮೀನಿನ ಬೆಲೆಯ ನೂರಕ್ಕೆ 3ರಷ್ಟು, ಸರ್ಕಾರದ ಖಜಾನೆ ತುಂಬ್ತಿದ್ದಿದ್ದು ಹೆಚ್ಚಾಗಿ ಅದ್ರಿಂದ್ಲೇ. ದುಡ್ಡು ಬೇಕಲ್ಲ, ಮನೇಲಿ ರೇಷ್ಮೆಹುಳ ಸಾಕಿದ್ರು, ಹೆಣ್ಮಕ್ಕಳು ರೇಷ್ಮೆಗೂಡಿಂದ ನೂಲು ಬಿಚ್ಚೋ ಫಿಲೇಚರ್ ಅನ್ನೋ ಕಾರ್ಖಾನೆಗಳಿಗೆ ಹೋದ್ರು (ಆ ಹುಡುಗೀರು ಅಲ್ಲಿ ಪಟ್ಟ ಪಾಡು ಬೇರೆ ಕತೆ, ಅದನ್ನ ಮರೆತು ಜಪಾನನ್ನ ಹೊಗಳೋಕೆ ನಂಗೆ ಮನಸ್ಸಿಲ್ಲ). ಹೊಲ ಹೊಲವಾಗೇ ಉಳೀತು, ಹೆಚ್ಚಾದ ಕೈಗೆ ಕೆಲಸ ಸಿಕ್ತು, ರೇಷ್ಮೆ ಕೊಳ್ಳೋರು ಅಮೆರಿಕದಲ್ಲಿದ್ರು. ಬಲ್ಗೇರಿಯಾ, ಸರ್ಬಿಯಾ ಇರೋ ಬಾಲ್ಕನ್ ಕಡೆ ರೈತನ ಹತ್ರ ಇದ್ದಿದ್ದು ಮೆಕ್ಕೆಜೋಳ, ಗೋಧಿ, ಒಂದಿಷ್ಟು ತಂಬಾಕು, ಪ್ಲಮ್ ಹಣ್ಣು, ಅದ್ರಿಂದ ಹೆಚ್ಚಾದ ಕೈಗೆ ರೇಷ್ಮೆ ಥರ ಕೆಲಸ ಹುಟ್ಲಿಲ್ಲ.